ಮಾವನ ಊರಿಗೆ 15 ಪ್ರಶ್ನಾರ್ಥಕ ಚಿಹ್ನೆ

ಬೆಳಗ್ಗೆಯಿಂದ ತಲೆ ಕೆಟ್ಟಿದೆ. ಇಲ್ಲಿ ಕಾರಿಕೊಳ್ಳದಿದ್ದರೆ ಮನೆಯವರ ಮೇಲೆ ಹಾಯುತ್ತೇನೆ. ಅದಕ್ಕೇ ಈ ಬರಹ.

ನಮ್ಮ ಮಾವ ಚಿಕ್ಕನಾಯಕನಹಳ್ಳಿಯವರು, ನಿಮ್ಮಲ್ಲಿ ಸುಮಾರು ಜನಕ್ಕೆ ಗೊತ್ತು. ಬಂದಾಗಲೆಲ್ಲ ಚೀಲದಲ್ಲಿ ಕೊಬ್ಬರಿ ತರುವ ಮಾವ. ಇವತ್ತು ಒಂದು ಅರ್ಜಿ ಹಾಕೋಕೆ ಅಂತ ತುಮಕೂರಿಗೆ ಬಂದಿದ್ದರು. ಯಾವ ಇಲಾಖೆ ಅಂತ ಕೇಳಬೇಡಿ, ಹೇಳಲ್ಲ. ಬಿ.ಎಚ್. ರಸ್ತೆ ಪಕ್ಕದ ಸಂದಿಯ ಜೆರಾಕ್ಸ್ ಅಂಗಡಿಯಲ್ಲಿ ಅರ್ಧ ಗಂಟೆ ಕಾದೆವು. ಅಂಗಡಿ ಹುಡುಗ ಪಾಪ, ಅಚ್ಚುಕಟ್ಟಾಗಿ ಕನ್ನಡದಲ್ಲೇ ಎಲ್ಲ ಟೈಪ್ ಮಾಡಿದ. ಒಟಿಪಿ ಬಂತು. ಸಬ್ಮಿಟ್ ಒತ್ತಿದ. ಪ್ರಿಂಟರ್ ಗರಗರ ಅಂದು ಅಕ್ನಾಲೆಜ್‌ಮೆಂಟ್ ಹೊರಗೆ ಬಿಟ್ಟಿತು. ಹೆಸರಿನ ಜಾಗದಲ್ಲಿ ??????. ತಂದೆಯ ಹೆಸರಿಗೂ ಅದೇ ಗತಿ. ಊರಿನ ಜಾಗದಲ್ಲಿ ಇನ್ನೂ ಉದ್ದಕ್ಕೆ: ???????????????

ಮಾವ ಕನ್ನಡಕ ಏರಿಸಿಕೊಂಡು ನೋಡಿದರು. "ಕೇಳಿದ್ದೆಲ್ಲ ಹೇಳಿದ್ದೀನಲ್ಲಪ್ಪ, ಮತ್ತೆ ಯಾಕೆ ಇಷ್ಟೊಂದು ಪ್ರಶ್ನೆ ಹಾಕಿದೆ ಇದು?"

ಹುಡುಗ ತಲೆ ಎತ್ತದೆ ಹೇಳಿದ: "ಕಂಪ್ಯೂಟರ್‌ಗೆ ಕನ್ನಡ ಬರಲ್ಲ ಯಜಮಾನ್ರೇ. ಇಂಗ್ಲಿಷಲ್ಲಿ ಹಾಕೋಣ ಬಿಡಿ."

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಕಂಪ್ಯೂಟರ್‌ಗೆ ಕನ್ನಡ ಬರಲ್ಲವಂತೆ! ಅದಕ್ಕೆ ಇಂಗ್ಲಿಷೂ ಬರಲ್ಲ ಕಣಪ್ಪ. ಬರೋದು ಬರೀ ಅಂಕಿ. ಯಾವ ಅಂಕಿಗೆ ಯಾವ ಅಕ್ಷರ ಅಂತ ಎಲ್ಲರೂ ಒಂದೇ ಪಟ್ಟಿ ನೋಡಿದರೆ ಆಯಿತು. ಆ ಪಟ್ಟಿಯ ಹೆಸರು ಯುನಿಕೋಡ್. 1991ರಲ್ಲಿ ಬಂದ ಮೊದಲ ಆವೃತ್ತಿಯಲ್ಲೇ ಕನ್ನಡ ಇದೆ.

ನನ್ನ ಹೊಟ್ಟೆಪಾಡು ಇಂಥ ಫಾರ್ಮುಗಳ ಸಾಫ್ಟ್‌ವೇರ್ ಕೆಲಸವೇ ಅಂತ ನಿಮಗೆ ಗೊತ್ತಲ್ಲ. ಹಾಗಾಗಿ ಸುಮ್ನೆ ಬಿಡೋಕೆ ಆಗಲಿಲ್ಲ. ಹುಡುಗನನ್ನು ಪಕ್ಕಕ್ಕೆ ಸರಿಸಿ ಪ್ರಶ್ನಾರ್ಥಕ ಚಿಹ್ನೆಗಳನ್ನು ಎಣಿಸಿದೆ. ಊರಿನ ಹೆಸರಿಗೆ ಸರಿಯಾಗಿ 15. ಚಿಕ್ಕನಾಯಕನಹಳ್ಳಿ ನಮ್ಮ ಕಣ್ಣಿಗೆ ಎಂಟೇ ಅಕ್ಷರ. ಆದರೆ ಯುನಿಕೋಡ್ ಗುಣಿತದ ಚಿಹ್ನೆಯನ್ನೂ, ಒತ್ತಿಗೆ ಬೇಕಾದ ಹಲಂತವನ್ನೂ ಬೇರೆ ಬೇರೆ ಎಣಿಸುತ್ತದೆ, ಆಗ 15. ಆ ಪಟ್ಟಿಯ ಅಂಕಿಗಳನ್ನು ಕಂಪ್ಯೂಟರ್ ಒಳಗೆ ಬರೆದಿಡುವ ಒಂದು ಕ್ರಮ ಯುಟಿಎಫ್-8. ಅದರಲ್ಲಿ ಒಂದೊಂದಕ್ಕೂ 3 ಬೈಟ್, ಅಂದರೆ ನೆನಪಿನ 3 ಪುಟ್ಟ ಖಾನೆ. ಒಟ್ಟು 45.

ಈ ಲೆಕ್ಕದಲ್ಲೇ ಕಳ್ಳ ಸಿಕ್ಕಿಬೀಳುತ್ತಾನೆ. ಸರ್ವರ್ ಕನ್ನಡವನ್ನು ತಪ್ಪಾಗಿ ಓದಿದ್ದರೆ ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಅಂದುಕೊಂಡು 45 ವಿಚಿತ್ರ ಗುರುತು ಹಾಕುತ್ತಿತ್ತು. ತಲೆ ಮೇಲೆ ಗೆರೆ ಎಳೆದ ಇಂಗ್ಲಿಷ್ ಎ, ಪಕ್ಕದಲ್ಲಿ ವರ್ಗ ಹಾಕುವಾಗ ಬರೆಯುವಂಥ ಪುಟ್ಟ 2, ಮತ್ತೆ ಅದೇ ಎ, ಪುಟ್ಟ 3. ನೋಡಿರುತ್ತೀರಿ. ಅದು ನೋಡೋಕೆ ಅಸಹ್ಯ, ಆದರೆ ಬೈಟುಗಳು ಹಾಗೇ ಉಳಿದಿದ್ದರೆ ವಾಪಸ್ ತೆಗೆಯಬಹುದು. ಇಲ್ಲಿ 15 ಬಂದಿದೆ ಅಂದರೆ ಒಳಗಿದ್ದವರು ಸರಿಯಾಗೇ ಓದಿದ್ದಾರೆ, ಇಡೋಕೆ ಹೋದ ಕಡೆಯ ಅಕ್ಷರಪಟ್ಟಿಯಲ್ಲಿ ಕನ್ನಡಕ್ಕೆ ಜಾಗ ಇಲ್ಲ. ಇಲ್ಲದ್ದಕ್ಕೆಲ್ಲ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೈ ತೊಳೆದುಕೊಂಡಿದೆ. ಇದು ವಾಪಸ್ ಬರಲ್ಲ. ಮಾವನ ಹೆಸರು ಹೋಯಿತು, ಅಷ್ಟೇ.

ಹೀಗಾಗೋದು ಸಾಮಾನ್ಯವಾಗಿ ಡೇಟಾಬೇಸ್, ಅಂದರೆ ಮಾಹಿತಿ ಕೂಡಿಡುವ ಉಗ್ರಾಣದ ಹತ್ತಿರ. ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸನ್ನೇ ತಗೊಳ್ಳಿ. 2018ರಲ್ಲಿ ಅದರ 8.0 ಆವೃತ್ತಿ ಬರುವ ತನಕ ನೀವಾಗಿ ಏನೂ ಹೇಳದಿದ್ದರೆ ಅದು ಲ್ಯಾಟಿನ್1 ಅನ್ನೋ ಹಳೇ ಅಕ್ಷರಪಟ್ಟಿಯಲ್ಲೇ ಇಟ್ಟುಕೊಳ್ಳುತ್ತಿತ್ತು. ಅದರಲ್ಲಿ ಫ್ರೆಂಚ್‌ಗೆ ಜಾಗ ಇದೆ, ಜರ್ಮನ್‌ಗೆ ಇದೆ, ಕನ್ನಡದ ಒಂದಕ್ಷರಕ್ಕೂ ಇಲ್ಲ. ಪುಟ, ಸರ್ವರ್, ಡೇಟಾಬೇಸಿನ ಕನೆಕ್ಷನ್, ಟೇಬಲ್, ನಾಲ್ಕೂ ಕಡೆ ಯುಟಿಎಫ್-8 ಅಂತ ಹೇಳಿರಬೇಕು. ಪಲ್ಲಕ್ಕಿ ಹೊತ್ತ ಹಾಗೆ. ಒಬ್ಬ ಹೆಗಲು ತಪ್ಪಿಸಿದರೆ ದೇವರು ಕೆಳಗೆ.

ಇನ್ನೊಂದು ತಮಾಷೆ ಇದೆ. ಲ್ಯಾಟಿನ್1 ಟೇಬಲ್ಲಿಗೇ ಯುಟಿಎಫ್-8ರ ಬೈಟುಗಳನ್ನು ಗೊತ್ತಾಗದ ಹಾಗೆ ತುರುಕಿ ವರ್ಷಗಟ್ಟಲೆ ನಡೆಸುವವರಿದ್ದಾರೆ. ಪರದೆ ಮೇಲೆ ಕನ್ನಡ ಚೆನ್ನಾಗೇ ಕಾಣುತ್ತದೆ. ಆದರೆ ಊರಿನ ಹೆಸರಿಗೆ 30 ಅಕ್ಷರದ ಜಾಗ ಇಟ್ಟಿದ್ದರೆ ಅದು 30 ಬೈಟು, ಅಂದರೆ ಬರೀ 10 ಕನ್ನಡದ ಗುರುತು. ಎಣಿಸಿ ನೋಡಿ, ಚಿಕ್ಕನಾಯಕನ ಅನ್ನೋವಷ್ಟಕ್ಕೆ ಹತ್ತೂ ಮುಗಿಯಿತು. ನಾಯಕ ಉಳಿದ, ಹಳ್ಳಿ ಹೋಯಿತು! (ಉದ್ದ ಆಯಿತು ಅಂತ ನಮ್ಮ ಬಸ್ಸಿನವರು ಎಂದೋ ಸಿ.ಎನ್. ಹಳ್ಳಿ ಮಾಡಿಕೊಂಡರು. ಅವರೇ ಬುದ್ಧಿವಂತರು.)

ಇದನ್ನು ಓದಿ ನನ್ನ ಜೊತೆ ರೈಲಲ್ಲಿ ಓಡಾಡುವ ಗೆಳೆಯ ಬಂದೇ ಬರುತ್ತಾನೆ, "ಹಳೇ ಸಿಸ್ಟಂ ಗುರು, ಮುಟ್ಟಿದರೆ ಇನ್ನೇನೋ ಕೆಡುತ್ತೆ, ಟೈಮ್ ಬೇಕು" ಅಂತ. ಎಷ್ಟಪ್ಪ ಟೈಮ್? ಯುಟಿಎಫ್-8 ಹುಟ್ಟಿದ್ದು 1992ರಲ್ಲಿ. ಕೆನ್ ಥಾಂಪ್ಸನ್, ರಾಬ್ ಪೈಕ್ ಅನ್ನೋ ಇಬ್ಬರು ಕಂಪ್ಯೂಟರ್ ತಜ್ಞರು ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತು, ತಟ್ಟೆ ಕೆಳಗಿನ ಕಾಗದದ ಮೇಲೆ ಗೀಚಿ ಮುಗಿಸಿದರು. ನುಡಿ, ಬರಹ ಫಾಂಟುಗಳ ಕಾಲದಲ್ಲಿ ಕಷ್ಟ ಇತ್ತು, ಒಪ್ಪುತ್ತೇನೆ. ಆಗ ಒಳಗೆ ಇಂಗ್ಲಿಷ್ ಅಕ್ಷರ ಇಟ್ಟು ಮೇಲೆ ಕನ್ನಡದ ವೇಷ ಹಾಕುತ್ತಿದ್ದರು. ಆ ಕಾಲ ಹೋಗಿ ಎಷ್ಟೋ ವರ್ಷವಾಯಿತು. ಹೋಗಲಿ, ಹಳೇ ಸಿಸ್ಟಂ ಅಂತಲೇ ಇಟ್ಟುಕೊಳ್ಳೋಣ. ಫಾರ್ಮನ್ನು ಜನರಿಗೆ ಬಿಡುವ ಮುಂಚೆ ಯಾರಾದರೂ ಒಬ್ಬರು ಒಂದೇ ಒಂದು ಸಲ ಕನ್ನಡದ ಹೆಸರು ಹಾಕಿ ನೋಡಬಾರದಿತ್ತಾ? "ಟೆಸ್ಟ್" ಅಂತ ಇಂಗ್ಲಿಷಲ್ಲಿ ಹೊಡೆದು ಎದ್ದು ಹೋಗಿದ್ದಾರೆ. ನಾನು ಬಲ್ಲೆ.

ಬಲ್ಲೆ, ಯಾಕಂದರೆ ನಾನೇ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಜನರ ದೂರು ತಗೊಳ್ಳುವ ಒಂದು ಫಾರ್ಮು. ನಾನು ಹಾಕಿ ನೋಡಿದ್ದು "ಎಬಿಸಿ", "ಟೆಸ್ಟ್". ತಿಂಗಳಾದ ಮೇಲೆ ತೆಗೆದು ನೋಡಿದರೆ ಕನ್ನಡದಲ್ಲಿ ಬರೆದವರ ದೂರೆಲ್ಲ ಪ್ರಶ್ನಾರ್ಥಕ ಚಿಹ್ನೆ. ಯಾರಿಗೆ ನೀರು ಬರಲಿಲ್ಲವೋ, ಯಾರ ಬೀದಿಯಲ್ಲಿ ದೀಪ ಇರಲಿಲ್ಲವೋ. ಸರಿಪಡಿಸಿದ್ದು ಹೇಗೆ ಗೊತ್ತಾ? ಫಾರ್ಮಿನ ಮೇಲೆ ಕೆಂಪಕ್ಷರದಲ್ಲಿ ಒಂದು ಸಾಲು ಹಾಕಿದೆ: ದಯವಿಟ್ಟು ಇಂಗ್ಲಿಷಿನಲ್ಲೇ ತುಂಬಿ. ಆಫೀಸಿನ ಲೆಕ್ಕದಲ್ಲಿ ಕೆಲಸ ಮುಗಿಯಿತು, ಟಿಕೆಟ್ ಕ್ಲೋಸ್. ಆ ಹುಡುಗನ ಬಾಯಲ್ಲಿ "ಕಂಪ್ಯೂಟರ್‌ಗೆ ಕನ್ನಡ ಬರಲ್ಲ" ಅನ್ನೋ ಮಾತು ಹಾಕಿದ್ದು ನನ್ನಂಥವರೇ.

ಅರ್ಜಿಗೆ ನಾಳೆ ಕೊನೇ ದಿನ. ಇಂಗ್ಲಿಷಲ್ಲೇ ಹಾಕಿಸೋಣ ಅಂದೆ. ಹುಡುಗ ಕೀಬೋರ್ಡ್ ಮೇಲೆ ಬೆರಳಿಟ್ಟು ಕೇಳಿದ, "ಸಾರ್, ಹಳ್ಳಿಗೆ ಎಲ್ ಒಂದಾ, ಎರಡಾ?"

ಮಾವ ಪ್ಲಾಸ್ಟಿಕ್ ಕವರು ಬಿಚ್ಚಿದರು. ಆಧಾರ್‌ನಲ್ಲಿ ಎರಡು ಎಲ್. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಒಂದು. ಇನ್ನೇನಿದೆ ಅಂತ ತಡಕಿದರೆ ಪಹಣಿ ಸಿಕ್ಕಿತು. 20 ವರ್ಷಕ್ಕೂ ಹೆಚ್ಚು ಕಾಲದಿಂದ ಕಂಪ್ಯೂಟರ್‌ನಲ್ಲೇ ಪ್ರಿಂಟಾಗಿ ಬರುತ್ತಿರುವ ಪಹಣಿ. ಅದರಲ್ಲಿ ಚಿಕ್ಕನಾಯಕನಹಳ್ಳಿ ಅಂತ ಒತ್ತು ಸಮೇತ ಕನ್ನಡದಲ್ಲೇ ಇತ್ತು.