ತೂಬು ಎತ್ತುವ ಮುನ್ನ ನೀರಗಂಟಿಯನ್ನು ಕೇಳಬೇಕು

ಕಳೆದ ತಿಂಗಳು ಒಂದು ಮಂಗಳವಾರ ರಾತ್ರಿ ಹನ್ನೊಂದರ ಸುಮಾರಿಗೆ ನನ್ನ ಮೊಬೈಲ್ ಒಂದೇ ಸಮನೆ ಸದ್ದು ಮಾಡತೊಡಗಿತು. ಬಿಡುವಾದಾಗ ನಾನು ಕೈಜೋಡಿಸುವ ಒಂದು ಚಿಕ್ಕ ಕನ್ನಡ ತಂತ್ರಾಂಶಕ್ಕೆ ಒಂದರ ಹಿಂದೆ ಒಂದು ಪುಲ್ ರಿಕ್ವೆಸ್ಟ್ ಬಂದು ಬೀಳುತ್ತಿತ್ತು. ಕೋಡಿನಲ್ಲಿ ನಾನು ಮಾಡಿದ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆಗೆ ಹಾಗೆನ್ನುತ್ತಾರೆ, ಒಪ್ಪಿ ಸೇರಿಸಿಕೊಂಡರೆ ಅದು ‘ಮರ್ಜ್’. ಬೆಳಗ್ಗೆ ಎಣಿಸಿದೆ, 37. ಒಂದರಲ್ಲಿ ರೀಡ್‌ಮಿ ಎಂಬ ಪರಿಚಯದ ಕಡತದ ಕೊನೆಗೆ ಯಾರದೋ ಹೆಸರು. ಇನ್ನೊಂದರಲ್ಲಿ ಬರೀ ಖಾಲಿ ಸಾಲು. ಮತ್ತೊಂದರಲ್ಲಿ ಸರಿಯಾಗಿದ್ದ ‘ಅರ್ಕಾವೊತ್ತು’ ಪದವನ್ನು ತಪ್ಪಾಗಿ ಬದಲಿಸಿದ್ದರು. ಖಾತೆಗಳನ್ನು ತೆರೆದು ನೋಡಿದರೆ ಎಲ್ಲರೂ ನಮ್ಮ ಮೈಸೂರಿನ ಒಂದೇ ಕಾಲೇಜಿನ ವಿದ್ಯಾರ್ಥಿಗಳು.

ಈ ತಂತ್ರಾಂಶ ಏನು ಮಾಡುತ್ತದೆ ಎಂದು ಮೊದಲು ಹೇಳುತ್ತೇನೆ. ನುಡಿ, ಬರಹ ಎಂಬ ಕನ್ನಡ ಬೆರಳಚ್ಚು ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕಡತಗಳನ್ನು ಇಂದು ಎಲ್ಲೆಡೆ ಬಳಕೆಯಲ್ಲಿರುವ ಯೂನಿಕೋಡ್‌ಗೆ ಬದಲಿಸಿಕೊಡುತ್ತದೆ. ಊರೂರಿನ ಡಿಟಿಪಿ ಅಂಗಡಿಗಳಲ್ಲಿ ಸಿದ್ಧವಾದ ಸ್ಮರಣ ಸಂಚಿಕೆಗಳು, ಸಂಘದ ವರದಿಗಳು, ಅಚ್ಚಾಗದೆ ಉಳಿದ ಕಾದಂಬರಿಗಳು ಇಂದಿನ ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಅವುಗಳನ್ನು ಮತ್ತೆ ಕನ್ನಡವಾಗಿಸುವ ಕೆಲಸ ಇದು. ನೋಡಿಕೊಳ್ಳುವವರು ಒಬ್ಬರೇ. ಹಗಲಿಡೀ ಬ್ಯಾಂಕಿನಲ್ಲಿ ದುಡಿದು, ಮಕ್ಕಳು ಮಲಗಿದ ಮೇಲೆ ರಾತ್ರಿ ಒಂದೆರಡು ಗಂಟೆ ಇದಕ್ಕೆ ಕೊಡುತ್ತಾರೆ. ಮೂವತ್ತೇಳನ್ನೂ ಒಂದೊಂದಾಗಿ ತೆರೆದು, ಓದಿ, ಉತ್ತರ ಬರೆದು ಮುಚ್ಚುವುದೆಂದರೆ ಅವರ ಎರಡು ರಾತ್ರಿ ಮುಗಿದಂತೆ.

ನನಗೆ ತುಂಬ ಸಿಟ್ಟು ಬಂತು. ಆ ಸಿಟ್ಟಿನಲ್ಲಿಯೇ ಇಲ್ಲಿ ಒಂದು ಬರಹ ಹಾಕಿ, ಅರ್ಧ ಗಂಟೆಯಲ್ಲಿ ತೆಗೆದುಹಾಕಿದೆ. ಪರಿಚಯದ ಅಧ್ಯಾಪಕರೊಬ್ಬರ ಮೂಲಕ ಆ ವಿದ್ಯಾರ್ಥಿಗಳನ್ನು ಭೇಟಿಯಾಗಲು ಕೇಳಿಕೊಂಡೆ. ಭಾನುವಾರ ಬೆಳಗ್ಗೆ ಆರು ಜನ ಕುಕ್ಕರಹಳ್ಳಿ ಕೆರೆಯ ಏರಿಗೆ ಬಂದರು. “ಸರ್, ಎರಡು ವಾರದಲ್ಲಿ ಒಬ್ಬೊಬ್ಬರೂ ಒಂದು ಪುಲ್ ರಿಕ್ವೆಸ್ಟ್ ಮರ್ಜ್ ಮಾಡಿಸಬೇಕು, ಅದಕ್ಕೆ ಹತ್ತು ಅಂಕ ಎಂದು ಹೇಳಿದ್ದಾರೆ. ಕನ್ನಡದ ಪ್ರಾಜೆಕ್ಟ್ ಆದರೆ ಬೇಗ ಒಪ್ಪಿಕೊಳ್ಳುತ್ತಾರೆ ಎಂದುಕೊಂಡೆವು” ಎಂದ ಒಬ್ಬ ಹುಡುಗ. ಅವನ ಮುಖದಲ್ಲಿ ಕಪಟವಿರಲಿಲ್ಲ. ಆ ಕಡೆ ಒಬ್ಬ ಮನುಷ್ಯ ಕುಳಿತು ಇವೆಲ್ಲವನ್ನೂ ಓದುತ್ತಾನೆ ಎಂಬುದನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ನನ್ನ ಸಿಟ್ಟು ಅವರನ್ನು ಬಿಟ್ಟು, ಅಂಕಕ್ಕಾಗಿ ಅವರನ್ನು ಹಾಗೆ ಅಟ್ಟಿದ ವ್ಯವಸ್ಥೆಯ ಕಡೆಗೆ ತಿರುಗಿತು.

ಇದು ಮೈಸೂರಿನ ಮಾತಷ್ಟೇ ಅಲ್ಲ. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಎಂಬ ಪ್ರಸಿದ್ಧ ಜಾವಾಸ್ಕ್ರಿಪ್ಟ್ ತಂತ್ರಾಂಶದ ರೀಡ್‌ಮಿ ಕಡತಕ್ಕೆ ತಮ್ಮ ಹೆಸರು ಸೇರಿಸುವ ಪುಲ್ ರಿಕ್ವೆಸ್ಟುಗಳು ರಾಶಿ ರಾಶಿಯಾಗಿ ಬಂದವು. ಭಾರತದ ಒಂದು ಪಾಠದ ವಿಡಿಯೊದಲ್ಲಿ ಉದಾಹರಣೆಯಾಗಿ ತೋರಿಸಿದ್ದನ್ನು ನೋಡಿದವರು ಹಾಗೆಯೇ ಮಾಡಿಬಿಟ್ಟಿದ್ದರು. ನಮ್ಮ ಮಕ್ಕಳ ಬಗ್ಗೆ ಪರದೇಶದವರು ಆಗ ಬರೆದ ಮಾತುಗಳನ್ನು ಓದಿ ನನಗೆ ಎರಡು ದಿನ ಊಟ ರುಚಿಸಲಿಲ್ಲ.

ಕೆರೆಯ ಏರಿಯ ಮೇಲೆ ಕುಳಿತಿದ್ದರಿಂದಲೋ ಏನೋ, ಅಂದು ನನಗೆ ಊರ ಕೆರೆಯ ನೀರು ಹಂಚುವ ನೀರಗಂಟಿ ನೆನಪಾದರು. ನನ್ನದು ನಾಗಮಂಗಲ ತಾಲ್ಲೂಕು. ಮಂಡ್ಯ, ಮದ್ದೂರಿನ ಬಯಲಿಗೆ ವಿಶ್ವೇಶ್ವರಯ್ಯ ನಾಲೆಯ ನೀರಿದೆ. ನಮ್ಮದು ಕೆರೆಯನ್ನೇ ನಂಬಿದ ಊರು. ಕೆರೆ ನೀರಗಂಟಿಯ ಸ್ವತ್ತಲ್ಲ, ಅದು ಊರಿನದು. ಆದರೂ ತೂಬು ಎತ್ತುವವರು ಅವರೊಬ್ಬರೇ. ಯಾರ ಗದ್ದೆ ನಾಟಿಯಾಗಿದೆ, ಯಾವ ಕಾಲುವೆಯ ಬದು ಸಡಿಲವಾಗಿದೆ, ಕೆರೆಯಲ್ಲಿ ಇನ್ನೆಷ್ಟು ದಿನದ ನೀರಿದೆ ಎಂಬ ಲೆಕ್ಕವೆಲ್ಲ ಅವರ ತಲೆಯಲ್ಲಿರುತ್ತಿತ್ತು. ನೀರು ಬೇಕಾದ ಯಜಮಾನನೂ ಅವರ ಮನೆಯ ಜಗಲಿಯ ಮೇಲೆ ಕುಳಿತು, “ಅಣ್ಣ, ನಮ್ಮ ಸರದಿ ಯಾವಾಗ?” ಎಂದು ಕೇಳಿಯೇ ಹೋಗುತ್ತಿದ್ದ. ಸುಗ್ಗಿಯಲ್ಲಿ ಪ್ರತಿ ಕಣದಲ್ಲಿಯೂ ಅವರಿಗೆಂದು ಇಷ್ಟು ಭತ್ತ ಅಳೆದು ಎತ್ತಿಡುತ್ತಿದ್ದರು.

ಚಿಕ್ಕ ಮುಕ್ತ ತಂತ್ರಾಂಶದ, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ ತಂತ್ರಾಂಶದ, ನಿರ್ವಾಹಕರಿಗೆ ಆ ಕಣದ ಪಾಲೂ ಇಲ್ಲ. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾದಾಗ ಜಗತ್ತಿಗೆ ಒಂದು ಸಂಗತಿ ಗೊತ್ತಾಯಿತು: ಅಸಂಖ್ಯ ವೆಬ್‌ಸೈಟುಗಳ ಗುಟ್ಟು ಕಾಯುತ್ತಿದ್ದ ಓಪನ್‌ಎಸ್‌ಎಸ್‌ಎಲ್‌ಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ನೀರು ಎಲ್ಲರ ಗದ್ದೆಗೂ ಹೋಗುತ್ತಿತ್ತು, ಭತ್ತ ಅಳೆಯುವವರು ಮಾತ್ರ ಇರಲಿಲ್ಲ.

ಆ ಆರು ಮಕ್ಕಳಿಗೆ ನಾನು ನನ್ನದೇ ತಪ್ಪಿನ ಕಥೆ ಹೇಳಿದೆ. 2017ರಲ್ಲಿ ನಾನು ಇದೇ ತಂತ್ರಾಂಶವನ್ನು ಮೊದಲ ಬಾರಿ ಬಳಸಿದ್ದು. ನಮ್ಮೂರ ಪ್ರೌಢಶಾಲೆಯ ಬೆಳ್ಳಿಹಬ್ಬದ ಸಂಚಿಕೆಯನ್ನು ಮಂಡ್ಯದ ಡಿಟಿಪಿ ಅಂಗಡಿಯೊಂದರಲ್ಲಿ ನುಡಿಯಲ್ಲಿ ಮಾಡಿಸಿದ್ದರು. ಅದನ್ನು ಯೂನಿಕೋಡ್‌ಗೆ ತಂದಾಗ ‘ರ‍್ಯಾಂಕ್’ ಇದ್ದಲ್ಲೆಲ್ಲ ‘ರ್ಯಾಂಕ್’ ಆಯಿತು. ಕಾರಣ ಸ್ವಾರಸ್ಯವಾಗಿದೆ. ಹಳೆಯ ಆಸ್ಕಿ ಫಾಂಟಿನಲ್ಲಿ ಅಕ್ಷರಗಳು ಕಣ್ಣಿಗೆ ಕಂಡ ಕ್ರಮದಲ್ಲಿ ಕುಳಿತಿರುತ್ತವೆ. ‘ಸೂರ್ಯ’ ಎಂದರೆ ಮೊದಲು ಸೂ, ಆಮೇಲೆ ಯ, ಕೊನೆಗೆ ಅರ್ಕಾವೊತ್ತಿನ ಚಿಹ್ನೆ. ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮ: ರ ಮೊದಲು, ಯ ಆಮೇಲೆ. ಹಾಗಾಗಿ ಪರಿವರ್ತಕವು ಆ ಚಿಹ್ನೆಯನ್ನು ಹಿಂದಿನಿಂದ ಮುಂದಕ್ಕೆ ತರಬೇಕು. ‘ರ‍್ಯಾಂಕ್’ನಲ್ಲಿಯಾದರೋ ರ ಪೂರ್ತಿಯಾಗಿ ನಿಂತು ಯ ಒತ್ತಾಗಬೇಕು. ಅದಕ್ಕೆ ರಕಾರದ ಪಕ್ಕದಲ್ಲಿ ಕಣ್ಣಿಗೆ ಕಾಣದ ಒಂದು ಸಂಜ್ಞೆ, ಜೀರೋ ವಿಡ್ತ್ ಜಾಯ್ನರ್, ಇಡಬೇಕಾಗುತ್ತದೆ. ಅದಿಲ್ಲದಿದ್ದರೆ ಅರ್ಕಾವೊತ್ತೇ ಮೂಡುತ್ತದೆ.

ಇದನ್ನು ತಿದ್ದಲು ಮೂರು ಸಾಲು ಸಾಕಿತ್ತು. ನಾನು ಕಳುಹಿಸಿದ್ದು 900ಕ್ಕೂ ಹೆಚ್ಚು ಸಾಲುಗಳ ಬದಲಾವಣೆ. ಎಲ್ಲ ಕಡತಗಳಲ್ಲಿ ಟ್ಯಾಬ್ ತೆಗೆದು ಸ್ಪೇಸ್ ಹಾಕಿದ್ದೆ. ನನಗೆ ಹಿಡಿಸದ ವೇರಿಯಬಲ್‌ಗಳ ಹೆಸರು ಬದಲಿಸಿದ್ದೆ. ಏಕೆ ಇದೆ ಎಂದು ನನಗೆ ಅರ್ಥವಾಗದ ಒಂದು ಷರತ್ತನ್ನು ಕಿತ್ತುಹಾಕಿದ್ದೆ. ಐದು ದಿನ ಉತ್ತರ ಬಾರದಿದ್ದಾಗ, “ಇದನ್ನು ನೋಡಿಕೊಳ್ಳುವವರು ಯಾರಾದರೂ ಬದುಕಿದ್ದಾರೆಯೇ?” ಎಂದು ಬರೆದೆ. ಒಂಬತ್ತನೆಯ ದಿನ ಉತ್ತರ ಬಂತು. “ನಿಮ್ಮ ‘ರ‍್ಯಾಂಕ್’ ತಿದ್ದುಪಡಿ ನಮಗೆ ಬೇಕೇ ಬೇಕು. ಉಳಿದದ್ದನ್ನು ಓದಲು ನನಗೆ ಒಂದು ತಿಂಗಳು ಹಿಡಿಯುತ್ತದೆ. ಆ ಮೂರು ಸಾಲು ಮಾತ್ರ ಬೇರೆ ಮಾಡಿ ಕಳುಹಿಸುತ್ತೀರಾ? ನೀವು ತೆಗೆದ ಷರತ್ತು ನುಡಿಯ ಹಳೆಯ ಆವೃತ್ತಿಯ ಕಡತಗಳಿಗಾಗಿ ಇಟ್ಟದ್ದು, ಅದರ ಚರ್ಚೆ 12ನೆಯ ಇಶ್ಯೂನಲ್ಲಿದೆ.” ಇಶ್ಯೂ ಎಂದರೆ ದೋಷ, ಸಲಹೆಗಳನ್ನು ಬರೆದು ಚರ್ಚಿಸುವ ಪುಟ. ಆ ವಾರ ಅವರ ಮನೆಯಲ್ಲಿ ತಂಗಿಯ ಮದುವೆ ನಡೆದಿತ್ತು ಎಂಬುದು ನನಗೆ ತಿಳಿದದ್ದು ಎಷ್ಟೋ ದಿನಗಳ ನಂತರ. ನನ್ನ ಆ ಸಾಲು ಈಗಲೂ ಅಲ್ಲಿಯೇ ಇದೆ. ಅಳಿಸಬಹುದು, ಅಳಿಸಿಲ್ಲ. ಮಕ್ಕಳಿಗೆ ಮೊಬೈಲಿನಲ್ಲಿ ಅದನ್ನೇ ತೆರೆದು ತೋರಿಸಿದೆ.

“ಎಲ್ಲರಿಗೂ ಮುಕ್ತ ಎಂದ ಮೇಲೆ ನಾವು ಏನನ್ನು ಬೇಕಾದರೂ ಕಳುಹಿಸಬಹುದಲ್ಲವೇ ಸರ್?” ಎಂದು ಒಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಇಂಥ ತಂತ್ರಾಂಶಗಳ ಲೈಸೆನ್ಸ್ ನಮಗೆ ಬಹಳ ದೊಡ್ಡ ಸ್ವಾತಂತ್ರ್ಯ ಕೊಡುತ್ತದೆ. ಸೋರ್ಸ್ ಕೋಡನ್ನು ಓದಬಹುದು, ಫೋರ್ಕ್ ಮಾಡಿ, ಅಂದರೆ ನಮ್ಮದೇ ಪ್ರತಿ ಮಾಡಿಕೊಂಡು, ಅದನ್ನು ಮನಬಂದಂತೆ ತಿದ್ದಬಹುದು, ಹಂಚಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಅದೇ ಲೈಸೆನ್ಸಿನ ಕೊನೆಯಲ್ಲಿ ದಪ್ಪ ದಪ್ಪ ಅಕ್ಷರಗಳಲ್ಲಿ ಇನ್ನೊಂದು ಮಾತಿರುತ್ತದೆ: ಇದು ಇದ್ದ ಹಾಗೆ ಇದೆ, ಯಾವ ಖಾತರಿಯೂ ಇಲ್ಲ. ಕೋಡು ನಮ್ಮದಾಯಿತು, ಬರೆದವರ ರಾತ್ರಿಗಳು ನಮ್ಮದಾಗಲಿಲ್ಲ. ನಿರ್ವಾಹಕರು ನಮ್ಮ ಬದಲಾವಣೆ ಬೇಡ ಎಂದರೆ ಅದು ನಮ್ಮ ಪ್ರತಿಯಲ್ಲಿ ಸುಖವಾಗಿ ಬಾಳಬಹುದು. ಅವರು ಒಪ್ಪಿಕೊಂಡ ಪ್ರತಿ ಸಾಲನ್ನು ಮಾತ್ರ ಮುಂದೆ ವರ್ಷಗಟ್ಟಲೆ ಅವರೇ ಹೊರಬೇಕು. ನಾವು ಕೆಲಸಕ್ಕೆ ಸೇರಿ ಮರೆತ ಮೇಲೆಯೂ.

ನಯವಾಗಿ ಮಾತಾಡಿದರೆ ಸಾಕು ಎಂದು ಯಾರಾದರೂ ತಿಳಿದರೆ ಅವರಿಗೆ ಎಕ್ಸ್‌ಝಡ್ ಪ್ರಕರಣ ಓದಲು ಹೇಳುತ್ತೇನೆ. ಅದು ಕಡತಗಳನ್ನು ಕುಗ್ಗಿಸುವ ಒಂದು ಸಾಧನ, ಬಹುತೇಕ ಎಲ್ಲ ಲಿನಕ್ಸ್‌ಗಳಲ್ಲಿಯೂ ಇದೆ. ವರ್ಷಗಳ ಕಾಲ ಒಬ್ಬರೇ ಅದನ್ನು ನೋಡಿಕೊಳ್ಳುತ್ತಿದ್ದರು. 2022ರಲ್ಲಿ ಕೆಲವು ಖಾತೆಗಳು ಅವರ ಮೇಲೆ ಮುಗಿಬಿದ್ದವು: ಏಕೆ ತಡ, ಆಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡಿ. ತಾವು ಮಾನಸಿಕವಾಗಿ ಬಳಲಿರುವುದಾಗಿಯೂ ಇದು ಸಂಬಳವಿಲ್ಲದ ಹವ್ಯಾಸ ಎಂದೂ ಅವರು ಬರೆದರು. ಅದೇ ಹೊತ್ತಿನಲ್ಲಿ ಇನ್ನೊಂದು ಖಾತೆ ಸೌಜನ್ಯದಿಂದ ನೆರವು ನೀಡುತ್ತ, ನಿರ್ವಾಹಕನ ಅಧಿಕಾರ ಪಡೆದು, ಒಟ್ಟು ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿಯಿತು. 2024ರಲ್ಲಿ ಹೊರಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲಿತ್ತು. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ 2024ರ ಮಾರ್ಚ್ 29ರಂದು ಅದನ್ನು ಬಯಲಿಗೆ ತಂದರು. ಮುಗಿಬಿದ್ದ ಆ ಖಾತೆಗಳೂ ಅದೇ ಸಂಚಿನ ಭಾಗ ಎಂಬುದು ಪರಿಶೀಲಿಸಿದವರ ಬಲವಾದ ಅನುಮಾನ. ಒಬ್ಬಂಟಿಯಾಗಿ ದುಡಿಯುವವರನ್ನು ಅವಸರಪಡಿಸುವುದು ಎಂಥ ಆಯುಧವಾಗಬಲ್ಲದು ನೋಡಿ. ಇದನ್ನು ಓದಿದಾಗ 2017ರ ನನ್ನ ಆ ಸಾಲು ನೆನಪಾಗಿ ಮೈ ಜುಮ್ಮೆಂದಿತು.

ಹಾಗಾದರೆ ಗೌರವವೆಂದರೇನು? ಆ ಕಡೆಯವರ ಕೆಲಸವನ್ನು ಹಗುರ ಮಾಡಿಕೊಡುವುದು. ಬರೆಯುವ ಮೊದಲು ರೀಡ್‌ಮಿ ಓದಬೇಕು, ಕೊಡುಗೆಯ ನಿಯಮಗಳ ಕಡತವಿದ್ದರೆ ಅದನ್ನೂ. ನಮ್ಮ ಪ್ರಶ್ನೆಯನ್ನು ಬೇರೆ ಯಾರಾದರೂ ಕೇಳಿದ್ದಾರೆಯೇ ಎಂದು ಮುಚ್ಚಿದ ಇಶ್ಯೂಗಳಲ್ಲಿಯೂ ಹುಡುಕಬೇಕು. “ಕೆಲಸ ಮಾಡುತ್ತಿಲ್ಲ” ಎಂಬ ಎರಡು ಪದದ ದೂರಿಗಿಂತ, ಯಾವ ಆವೃತ್ತಿ, ಏನು ಕೊಟ್ಟೆ, ಏನು ಬಂತು, ಏನು ಬರಬೇಕಿತ್ತು ಎಂಬ ನಾಲ್ಕು ಸಾಲು ಸಾವಿರ ಪಾಲು ಮೇಲು. ದೊಡ್ಡ ಬದಲಾವಣೆಯಾದರೆ ಕೋಡ್ ಬರೆಯುವ ಮುನ್ನವೇ ಕೇಳಬೇಕು. ಎಐ ಬರೆದುಕೊಟ್ಟದ್ದನ್ನು ತಾನು ಓಡಿಸಿ ನೋಡದೆ ಕಳುಹಿಸುವುದಂತೂ ಸಲ್ಲದು. ಅಂತರ್ಜಾಲದಲ್ಲಿ ದತ್ತಾಂಶ ಸಾಗಿಸುವ ಕರ್ಲ್ ತಂತ್ರಾಂಶವನ್ನು ದಶಕಗಳಿಂದ ಬೆಳೆಸಿದ ಡೇನಿಯಲ್ ಸ್ಟೆನ್‌ಬರ್ಗ್, ಎಐ ಬರೆದ ಹುಸಿ ಭದ್ರತಾ ವರದಿಗಳು ತಮ್ಮ ತಂಡದ ಸಮಯ ನುಂಗುತ್ತಿವೆ ಎಂದು 2025ರಲ್ಲಿ ಬಹಿರಂಗವಾಗಿಯೇ ನೊಂದುಕೊಂಡರು.

ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ಅಂಕ ಕೊಡಲೇಬೇಕೆಂದಿದ್ದರೆ ಮರ್ಜ್ ಆದದ್ದಕ್ಕೆ ಕೊಡಬೇಡಿ. ಮರ್ಜ್ ಮಾಡುವುದು ವಿದ್ಯಾರ್ಥಿಯ ಕೈಯಲ್ಲಿಲ್ಲ, ಮೂರನೆಯವರ ಬಿಡುವಿನಲ್ಲಿದೆ. ಒಂದು ದೋಷವನ್ನು ಅವರು ಎಷ್ಟು ಚೆನ್ನಾಗಿ ವಿವರಿಸಿದರು ಎಂಬುದನ್ನು ನೀವೇ ಓದಿ, ಅದಕ್ಕೆ ಕೊಡಿ.

ಸೋಮವಾರ ಸಂಜೆಯೊಳಗೆ ವಿದ್ಯಾರ್ಥಿಗಳೇ 31 ಪುಲ್ ರಿಕ್ವೆಸ್ಟುಗಳನ್ನು ಹಿಂತೆಗೆದುಕೊಂಡರು. ಆ ಆರು ಜನರಲ್ಲಿ ಕೆ.ಆರ್. ಪೇಟೆಯ ಹುಡುಗಿಯೊಬ್ಬಳಿದ್ದಳು. ಅಂದು ಹೆಚ್ಚು ಮಾತಾಡಿರಲಿಲ್ಲ. ಆಕೆಯ ತಂದೆ ಹಿಂದೆ ಡಿಟಿಪಿ ಅಂಗಡಿ ನಡೆಸಿದವರಂತೆ. ಮನೆಯಲ್ಲಿದ್ದ ಅವರ ಒಂದು ಹಳೆಯ ಕಡತವನ್ನು ಈ ತಂತ್ರಾಂಶದಲ್ಲಿ ಓಡಿಸಿ ನೋಡಿದ್ದಾಳೆ. ‘ರಾಜ್‌ಕುಮಾರ್’ ಎಂಬುದು ‘ರಾಜ್ಕುಮಾರ್’ ಆಗಿ ಬಂದಿದೆ. ಕೋಡ್ ಮುಟ್ಟಲಿಲ್ಲ. ಆವೃತ್ತಿ, ಮೂರು ಸಾಲಿನ ಮಾದರಿ, ಬಂದದ್ದು, ಬರಬೇಕಾದದ್ದು ಎಲ್ಲವನ್ನೂ ಬರೆದು, “ಇದು ದೋಷವೋ ಅಥವಾ ಬೇಕೆಂದೇ ಹೀಗಿಟ್ಟಿದ್ದೀರೋ ತಿಳಿಯಲಿಲ್ಲ” ಎಂದು ಕೇಳಿದ್ದಳು. ನಿರ್ವಾಹಕರು ಮರುದಿನವೇ ಉತ್ತರಿಸಿದರು. ಎರಡು ಅಕ್ಷರ ಕೂಡದಂತೆ ನಡುವೆ ಅದೃಶ್ಯ ಸಂಜ್ಞೆಯೊಂದನ್ನು ಇಡಬಹುದು, ಆದರೆ ಆಗ ಹುಡುಕಾಟದಲ್ಲಿ ಸಂಜ್ಞೆ ಇರುವ ಪದ ಮತ್ತು ಇಲ್ಲದ ಪದ ಬೇರೆ ಬೇರೆಯಾಗಿಬಿಡುವ ಅಪಾಯವಿದೆ, ಯಾವುದು ಮೇಲು ಎಂದು ನಾನೂ ಎರಡು ವರ್ಷದಿಂದ ಯೋಚಿಸುತ್ತಿದ್ದೇನೆ ಎಂದರು. ಆಕೆ ತನಗೆ ತೋಚಿದ್ದನ್ನು ಬರೆದಳು. ಅವರು ಮತ್ತೆ ಬರೆದರು. ನಾನು ನಡುವೆ ಬಾಯಿ ಹಾಕದೆ ಓದುತ್ತಿದ್ದೇನೆ.

ಶನಿವಾರ ರಾತ್ರಿ ಅವರು ಕೇಳಿದ್ದಾರೆ: ನಿಮ್ಮ ತಂದೆಯವರ ಬಳಿ ಇಂಥ ಕಡತಗಳು ಇನ್ನೂ ಇದ್ದರೆ ಪರೀಕ್ಷೆಗೆ ಕೊಡಬಹುದೇ? ನಿನ್ನೆ ಆಕೆ ಬಸ್ ಹಿಡಿದು ಕೆ.ಆರ್. ಪೇಟೆಗೆ ಹೋಗಿದ್ದಾಳೆ, ಅಟ್ಟದ ಮೇಲಿರುವ ಅಂಗಡಿಯ ಕಂಪ್ಯೂಟರ್ ಇನ್ನೂ ಆನ್ ಆಗುತ್ತದೆಯೇ ನೋಡಿ ಬರಲು.