ಮೆಲ್ಲಗೆ ನಡೀರಿ, ಮುಳ್ಳು ಹಾರತ್ತೆ!

ಶನಿವಾರ ಒಗ್ಗರಣೆ ಸಿಡಿಯುವ ಹೊತ್ತಿಗೆ ಸರಿಯಾಗಿ ಕೊರಿಯರಿನವನು ಬೆಲ್ ಒತ್ತಿದ. ಚಪ್ಪಟೆ ಚೌಕ ಡಬ್ಬ. ಏನಿದೆ ಅಂತ ಕೇಳುವ ಗೋಜಿಗೇ ನಾನು ಹೋಗಲಿಲ್ಲ. ಇಂಗ್ಲೆಂಡಿನ ದಿ ಕ್ಯೂರ್ ಬ್ಯಾಂಡಿನ ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’ ಆಲ್ಬಮ್ಮಿನ ಗ್ರಾಮಫೋನ್ ತಟ್ಟೆ. ಮತ್ತೆ! ಕಪ್ಪು ತಟ್ಟೆ ಆಗಲೇ ಇದೆ. ಸದ್ದು ಇನ್ನೂ ನಿಚ್ಚಳವಾಗಲಿ ಅಂತ ಲಂಡನ್ನಿನ ಅಬ್ಬಿ ರೋಡ್ ಸ್ಟುಡಿಯೋದಲ್ಲಿ ಅರ್ಧ ವೇಗದಲ್ಲಿ ಕೊರೆದ ಜೋಡಿ ತಟ್ಟೆಯೂ ಇದೆ. ಈಗ ಬಂದದ್ದು ಮಾರ್ಬಲ್, ಅಂದರೆ ಅಮೃತಶಿಲೆಯಂಥ ಬಣ್ಣದ್ದು. ಹಾಡುಗಳು? ಅವೇ ಎಂಟು.

“ಬಣ್ಣ ಬೇರೆ ಕಣೇ” ಅಂದರು ನಮ್ಮನೆಯವರು. ತಟ್ಟೆ ಮಾಡುವ ವಿನೈಲ್ ಪ್ಲಾಸ್ಟಿಕ್ಕಿಗೆ ಸ್ವಂತ ಬಣ್ಣವೇ ಇಲ್ಲ, ಕಪ್ಪಾಗುವುದು ಇಂಗಾಲದ ಪುಡಿಯಿಂದ ಅಂತ ಪಾಠ ಬೇರೆ. 1949ರಲ್ಲಿ ಅಮೆರಿಕದ ಆರ್‌ಸಿಎ ವಿಕ್ಟರ್ ರೆಕಾರ್ಡ್ ಕಂಪನಿಯವರು ಮಕ್ಕಳ ಹಾಡಿಗೆ ಹಳದಿ, ಕಂಟ್ರಿ ಹಾಡಿಗೆ ಹಸಿರು, ಶಾಸ್ತ್ರೀಯಕ್ಕೆ ಕೆಂಪು ತಟ್ಟೆ ಮಾಡಿದ್ದರಂತೆ. ಅದಕ್ಕಾದರೂ ಒಂದು ಅರ್ಥವಿತ್ತು. ಒಂದೇ ಸೀರೆ ಎರಡು ಬಣ್ಣದಲ್ಲಿ ಕೊಂಡದ್ದಕ್ಕೆ ಚಿಕ್ಕಪೇಟೆಯ ಅಂಗಡಿ ಮುಂದೆ ನಿಂತು ನನಗೆ ಭಾಷಣ ಬಿಗಿದ ಮಹಾನುಭಾವರು ಇವರೇ.

ಕೊಂಡರೆ ಕೊಳ್ಳಲಿ. ನಮ್ಮದು ಇಂಗ್ಲೆಂಡಿನ ಹಳೇ ಮನೆ, ಹಲಗೆ ನೆಲ. ಹೆಜ್ಜೆ ಒಂಚೂರು ಜೋರಾದರೆ ತಟ್ಟೆ ತಿರುಗಿಸುವ ಟರ್ನ್‌ಟೇಬಲ್ ಅಲುಗಿ, ತಟ್ಟೆಯ ಗೀರಿನಲ್ಲಿ ಓಡುವ ಮುಳ್ಳು ಹಾರುತ್ತದೆ. ತಟ್ಟೆ ತಿರುಗಲು ಶುರುವಾಯಿತೋ, ಮನೆಮಂದಿಯೆಲ್ಲ ತುದಿಗಾಲಲ್ಲಿ. ಹಾಲು ಉಕ್ಕಿದರೂ ಓಡುವಂತಿಲ್ಲ.

ಈಗ ಮೈಸೂರಿನಿಂದ ಅತ್ತೆ ಬಂದಿದ್ದಾರೆ. ನಮ್ಮನೆಯವರು ಮಾರ್ಬಲ್ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಜೋಪಾನವಾಗಿ ಕವರಿಗೇ ಸೇರಿಸಿ, ಕಪ್ಪು ತಟ್ಟೆ ಹಾಕಿದರು. ಹದಿನಾರು ವರ್ಷ ಕಾಯಿಸಿ 2024ರ ನವೆಂಬರಿನಲ್ಲಿ ತಂದ ಆಲ್ಬಮ್ಮಿದು. ಕಾಯಿಸುವ ಚಟ ಹಾಡಿನೊಳಗೂ ಇದೆ. ಮೊದಲ ಹಾಡು ‘ಅಲೋನ್’ನಲ್ಲಿ ಬ್ಯಾಂಡಿನ ಹಾಡುಗಾರ ರಾಬರ್ಟ್ ಸ್ಮಿತ್ ಬಾಯಿ ತೆರೆಯುವುದು ಮೂರು ನಿಮಿಷ ಕಳೆದ ಮೇಲೆ.

ಅತ್ತೆ ಸಂಗೀತ ಕಚೇರಿಗೆ ಬಂದವರಂತೆ ಸೆರಗು ಹೊದ್ದು ಕೂತರು. ಕಾದರು. “ಹಾಡೋರು ಬಂದಿಲ್ವೇನೋ?”

“ಬರ್ತಾರಮ್ಮ.”

“ಗಂಟಲು ಕಟ್ಟಿರಬೇಕು, ಪಾಪ.”

“ಅಮ್ಮಾ, ಶ್!”

“ಸರಿ, ಅಷ್ಟರಲ್ಲಿ ಕಾಫಿ ತರ್ತೀನಿ” ಅಂತ ಎದ್ದರು. “ಮೆಲ್ಲಗೆ, ಮೆಲ್ಲಗೆ” ಅಂತ ಇವರು ಕೈಯಲ್ಲೇ ಸನ್ನೆ ಮಾಡಿದರು. ಅತ್ತೆ ಮಡಿಯಲ್ಲಿದ್ದಾಗಲೂ ಅಷ್ಟು ಎಚ್ಚರದಿಂದ ಹೆಜ್ಜೆ ಇಟ್ಟವರಲ್ಲ. ಬೆರೆಸಿಟ್ಟಿದ್ದ ಲೋಟ ಎತ್ತಿಕೊಂಡು ವಾಪಸ್ ಬಂದರು. ಇನ್ನೂ ಬರೀ ವಾದ್ಯ. ಕೊನೆಗೂ ಪುಣ್ಯಾತ್ಮ ಬಾಯಿ ತೆರೆದ, ಕುಕ್ಕರ್ ಕೂಗಿತು, ಅತ್ತೆ ದಡಕ್ಕನೆ ತಿರುಗಿದರು. ಮುಳ್ಳು ಹಾರಿ ಹಿಂದಕ್ಕೆ ಬಿತ್ತು.

“ಮತ್ತೆ ಮೊದಲಿಂದಾನಾ?” ಅಂದರು ಅತ್ತೆ. ಇವರು ತಲೆ ಮೇಲೆ ಕೈಹೊತ್ತು ಕೂತರು.

ಎರಡನೇ ಬದಿಯಲ್ಲಿ ಒಂದು ಹಾಡಿದೆ, ‘ಐ ಕ್ಯಾನ್ ನೆವರ್ ಸೇ ಗುಡ್‌ಬೈ’. ಸ್ಮಿತ್ ತನ್ನ ಅಣ್ಣ ರಿಚರ್ಡ್ ತೀರಿಕೊಂಡದ್ದರ ಬಗ್ಗೆ ಬರೆದದ್ದು. ಅದು ಬಂದಾಗ ಮೆಲ್ಲಗೆ ನಡೀರಿ ಅಂತ ಯಾರಿಗೂ ಹೇಳಬೇಕಿಲ್ಲ. ನಮ್ಮ ಭಾವನವರು, ಇವರ ಅಣ್ಣ, ಹೋದ ಮೇಲೆ ಇವರು ಆ ಹಾಡನ್ನು ಕೂತು ಕೇಳುವುದಿಲ್ಲ. ಎದ್ದು ಅಡುಗೆಮನೆಗೆ ಬಂದು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾರೆ. ಹಾಡು ಯಾರ ಮೇಲೆ ಅಂತ ಅತ್ತೆಗೆ ನಾವು ಹೇಳಿಲ್ಲ.

ಇದೇ ಹಾಡುಗಳ ರೀಮಿಕ್ಸ್ ಆಲ್ಬಮ್ 2025ರ ಜೂನಿನಲ್ಲೇ ಬಂದಿದೆ. ಊಟಕ್ಕೆ ಕೂತಾಗ ಇವರು ಅದರ ಮಾತು ತೆಗೆದರು. ನಾನು ತುಟಿ ಬಿಚ್ಚಲಿಲ್ಲ. ಅತ್ತೆಯೇ ಕೇಳಿಬಿಟ್ಟರು, “ಅದರಲ್ಲಿ ಗಿಳಿಹಸಿರು ಸಿಗತ್ತೇನೋ?”