ಚಹಾ ಗೊತ್ತಾಯ್ತಾ?

ಬೆಳಗ್ಗೆ ಎದ್ದ ತಕ್ಷಣ ಯಾರಾದರೂ ಮಾತಾಡಿಸಿದರೆ ನನಗೆ ಆಗುವುದಿಲ್ಲ. ಮೊದಲು ಚಹಾ, ಆಮೇಲೆ ಜಗತ್ತು. ನಿಮ್ಮಲ್ಲೂ ಹಾಗೇ ಅಲ್ವಾ? ಇವತ್ತು ನೀರು ಕುದಿಯಲು ಇಟ್ಟು ಡಬ್ಬಿ ತೆಗೆದರೆ ಒಳಗೆ ಚಮಚ ಮಾತ್ರ ಇತ್ತು. ಮೊನ್ನೆಯಷ್ಟೇ ತುಂಬಿಸಿದ್ದ ಡಬ್ಬಿ. ಕಳ್ಳ ಬಂದಿದ್ದರೆ ಚಮಚವನ್ನೂ ಒಯ್ಯುತ್ತಿದ್ದ. ಆದ್ದರಿಂದ ಇದು ಮನೆಯೊಳಗಿನವರದೇ ಕೆಲಸ.

"ಪುಡಿ ಎಲ್ಲಿ?" ಅಂದೆ.

"ಬೆಣ್ಣೆಯಲ್ಲಿದೆ," ಅಂದರು ನಮ್ಮ ಯಜಮಾನರು, ಪೇಪರಿನಿಂದ ತಲೆ ಎತ್ತದೆ.

ಬೇರೆ ಮನೆಗಳಲ್ಲಿ ಈ ಉತ್ತರ ಕೇಳಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ನಮ್ಮನೆಯಲ್ಲಿ ಇದು ಪೂರ್ತಿ ಉತ್ತರ.

ಅವರಿಗೆ ಬೇಕಿಂಗ್ ಹುಚ್ಚು ಹಿಡಿದಾಗ ನಾನು ಖುಷಿಪಟ್ಟೆ. ವೆನಿಲ್ಲಾ ಹಾಕಿ ಕೇಕ್ ಮಾಡುವಷ್ಟು ದಿನ ಎಲ್ಲ ಚೆನ್ನಾಗಿತ್ತು. ಚಹಾ ಕುಡಿಯುವುದಕ್ಕಷ್ಟೇ ಅಲ್ಲ, ಅಡುಗೆಗೆ ಹಾಕುವ ಮಸಾಲೆಯೂ ಹೌದು ಅಂತ ಎಲ್ಲೋ ಓದಿದರು ನೋಡಿ, ಅಲ್ಲಿಂದ ಶುರು. ನಾನು ಒಂದು ಮಾತು ಆಡಿದರೆ ಅವರು ಒಂದು ದೇಶದ ಹೆಸರು ಹೇಳುತ್ತಾರೆ. ಕುಡಿಯುವುದನ್ನು ಯಾರಾದರೂ ತಿನ್ನುತ್ತಾರಾ ಅಂದರೆ, "ಬರ್ಮಾ! ಅಲ್ಲಿ ಚಹಾ ಎಲೆಯನ್ನು ಹುದುಗಿಸಿ ಸಲಾಡ್ ಮಾಡ್ತಾರೆ." ಅನ್ನದ ಹತ್ತಿರ ಮಾತ್ರ ತರಬೇಡಿ ಅಂದರೆ, "ಜಪಾನ್! ಅಲ್ಲಿ ಅನ್ನದ ಮೇಲೇ ಬಿಸಿ ಚಹಾ ಸುರೀತಾರೆ." ಒಣದ್ರಾಕ್ಷಿ ಕಾಣುತ್ತಿಲ್ಲವಲ್ಲ ಅಂದರೆ, "ವೇಲ್ಸ್. ರಾತ್ರಿಯೆಲ್ಲ ಚಹಾದಲ್ಲಿ ನೆನೀಬೇಕು, ಬೆಳಗ್ಗೆ ಬಾರಾ ಬ್ರಿತ್, ಅಂದರೆ ಅಲ್ಲಿನ ಒಣಹಣ್ಣಿನ ಬ್ರೆಡ್ಡು." ಜಗಳವಾಡಿದರೂ ಭೂಗೋಳ ಕಲಿತ ಹಾಗಾಯಿತು ಅಂತ ಸುಮ್ಮನಿದ್ದೇನೆ.

ತೊಂದರೆ ಏನೆಂದರೆ, ಚಹಾ ಅಡುಗೆಗೆ ಇಳಿದರೆ ಸುಲಭಕ್ಕೆ ಬಗ್ಗುವುದಿಲ್ಲ. ಕಪ್ಪಿನಲ್ಲಿ ಘಮ ಘಮ ಅನ್ನುವುದು, ಮೈದಾ, ಸಕ್ಕರೆ, ಮೊಟ್ಟೆ ಸೇರಿದ ತಕ್ಷಣ ಎಲ್ಲೋ ಅಡಗಿ ಕೂರುತ್ತದೆ. ಜಾಸ್ತಿ ಹೊತ್ತು ಕುದಿಸಿದರೆ ಪರಿಮಳ ಬರುವುದಿಲ್ಲ, ಟ್ಯಾನಿನ್ ಬಿಟ್ಟುಕೊಂಡು ಕಹಿ, ಒಗರು ಬರುತ್ತದೆ. ಹೊತ್ತು ಹೆಚ್ಚಿಸಬಾರದು, ಪುಡಿ ಹೆಚ್ಚಿಸಬೇಕು. ಡಬ್ಬಿ ಖಾಲಿಯಾಗುವುದು ಇದೇ ಸೂತ್ರದಿಂದ. ಹಾಲಿಗೆ ಹಾಕಿದರೆ ಹಾಲಿನ ಪ್ರೋಟೀನು ಆ ಟ್ಯಾನಿನ್ನನ್ನು ಹಿಡಿದುಕೊಂಡು ಒಗರನ್ನು ಮೆತ್ತಗೆ ಮಾಡುತ್ತದೆ, ಆಗ ಇನ್ನಷ್ಟು ಪುಡಿ. ಪರಿಮಳದ ಎಷ್ಟೋ ಅಂಶಗಳು ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಇಳಿಯುತ್ತವೆ. ಹಾಗಾಗಿ ಬೆಣ್ಣೆ ಕರಗಿಸಿ, ಪುಡಿ ಹಾಕಿ, ಸಣ್ಣ ಉರಿಯಲ್ಲಿಟ್ಟು ಸೋಸಬೇಕು. ಸೋಸಿದ ಮೇಲೆ ನೋಡಿದರೆ ಬೆಣ್ಣೆಯೇ ಕಮ್ಮಿ! ಎಲೆಗಳು ಕುಡಿದುಬಿಟ್ಟಿರುತ್ತವೆ. ಹಿಂಡಿದರೆ ಕಹಿ ಇಳಿಯುತ್ತದಂತೆ, ಹಿಂಡುವಂತಿಲ್ಲ. ಒಟ್ಟಿನಲ್ಲಿ ನನಗೆ ಚಹಾ ಇಲ್ಲ, ಎಲೆಗಳಿಗೆ ಮಾತ್ರ ಬೆಣ್ಣೆ.

ಇಷ್ಟೆಲ್ಲ ಸಹಿಸಬಹುದು. ಸಹಿಸಲಾಗದ್ದು ಆಮೇಲಿನ ಪ್ರಶ್ನೆ.

ಕೇಕ್ ತುಂಡು ಇನ್ನೂ ಬಾಯಿಯ ದಾರಿಯಲ್ಲಿರುತ್ತದೆ. ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ನನ್ನ ಮುಖವನ್ನೇ ನೋಡುತ್ತಾ, "ಚಹಾ ಗೊತ್ತಾಯ್ತಾ?" ಅನ್ನುತ್ತಾರೆ. ಇದಕ್ಕೆ ಸರಿಯಾದ ಉತ್ತರವೇ ಇಲ್ಲ. "ಹೂಂ" ಅಂದರೆ, "ಇಷ್ಟು ಬೇಗ ಗೊತ್ತಾಗಲ್ಲ, ಅದು ಕೊನೆಗೆ ಬರೋದು." ತಡೆದು "ಹೂಂ" ಅಂದರೆ, "ಇಷ್ಟು ಹೊತ್ತು ಯೋಚನೆ ಮಾಡಿದೆ ಅಂದರೆ ಗೊತ್ತಾಗಿಲ್ಲ." "ಸ್ವಲ್ಪ ಗೊತ್ತಾಯಿತು" ಅಂದರೆ, "ಎಲ್ಲಿ? ನಾಲಿಗೆ ಮೇಲಾ, ಮೂಗಲ್ಲಾ?" ನನಗೇನು ಗೊತ್ತು! ತಿನ್ನುವಾಗ ಅದೆಲ್ಲ ಗುರುತು ಮಾಡಿಕೊಳ್ಳುತ್ತೀವಾ? ಬಂದ ನೆಂಟರಿಗೂ ಇದೇ ಪರೀಕ್ಷೆ. ಹೋದ ಸಲ ಬಂದವರೊಬ್ಬರು ಪಾಪ, ಕಣ್ಣು ಮುಚ್ಚಿಕೊಂಡು ಅಗಿದು ಅಗಿದು, ಕೊನೆಗೆ, "ಕಾಫಿ ಅಲ್ವಾ?" ಅಂದರು. ಅವರು ಆಮೇಲೆ ನಮ್ಮನೆಗೆ ಬಂದಿಲ್ಲ. ಕರೆದಿಲ್ಲ ಅನ್ನುವುದೇ ಸರಿ.

ಮೊನ್ನೆ ಅರ್ಲ್ ಗ್ರೇ ಅನ್ನುವ ಚಹಾದ ಕೇಕ್ ಆಯಿತು. ಬೆಣ್ಣೆಗೊಂದು ಪಾಲು, ಹಾಲಿಗೊಂದು ಪಾಲು, ಸಾಲದು ಅಂತ ಎಲೆಯನ್ನು ನುಣ್ಣಗೆ ಪುಡಿ ಮಾಡಿ ಹಿಟ್ಟಿಗೂ ಒಂದು ಪಾಲು. "ಚಹಾ ಗೊತ್ತಾಯ್ತಾ?" ಶುರುವಾಯಿತು. ನಾನು ಏನೂ ಮಾತಾಡದೆ, ಕೈಯಲ್ಲಿದ್ದ ಕೇಕನ್ನು ಪಕ್ಕದಲ್ಲಿದ್ದ ಚಹಾ ಕಪ್ಪಿನೊಳಗೆ ಅದ್ದಿ ಬಾಯಿಗಿಟ್ಟೆ.

"ಈಗ ಗೊತ್ತಾಯಿತು," ಅಂದೆ.

ಆ ಮುಖ ನೀವು ನೋಡಬೇಕಿತ್ತು. ಮಾತೇ ಇಲ್ಲ. ಎದ್ದು ಹೋಗಿ ಪಾತ್ರೆ ತೊಳೆದರು. ಪಾತ್ರೆ ತೊಳೆಯುವುದು ಅವರ ಕೋಪದ ಕೊನೇ ಮೆಟ್ಟಿಲು, ಅದರಿಂದ ನನಗೆ ಲಾಭವೇ. ಆದರೆ ಸ್ವಲ್ಪ ಹೊತ್ತಿಗೆ ಒದ್ದೆ ಕೈಯಲ್ಲೇ ಬಂದು, "ನಿನಗೆ ಮೊದಲ ತುಂಡಲ್ಲೂ ಗೊತ್ತಾಗಿತ್ತು, ಹೇಳ್ಲಿಲ್ಲ ಅಷ್ಟೇ," ಅಂದರು. ನಿಜ ಹೇಳಬೇಕೆಂದರೆ ಏನೋ ಒಂದು ಪರಿಮಳ ಬಂದಿತ್ತು. ಆದರೆ ಅರ್ಲ್ ಗ್ರೇಯಲ್ಲಿ ಮೂಗಿಗೆ ಬಡಿಯುವುದು ಬರ್ಗಮಾಟ್ ಅನ್ನುವ ನಿಂಬೆ ಜಾತಿಯ ಹಣ್ಣಿನ ಸಿಪ್ಪೆ ಎಣ್ಣೆ. ಆ ಕೇಕ್ ತಿಂದು "ಆಹಾ, ಚಹಾ!" ಅನ್ನುವವರು ಹೊಗಳುತ್ತಿರುವುದು ಹಣ್ಣನ್ನು. ಇದನ್ನು ಹೇಳಿದೆ. ಉಳಿದ ಪಾತ್ರೆಗಳನ್ನೂ ತೊಳೆದರು.

ಹಸಿರು ಚಹಾದ ಕತೆ ಬೇರೆ. ಮಾಚಾದಲ್ಲಿ ಎಲೆಯೇ ಪುಡಿಯಾಗಿರುವುದರಿಂದ ಸೋಸುವ ರಗಳೆ ಇಲ್ಲ, ರುಚಿಯೂ ಅಡಗುವುದಿಲ್ಲ. ಆದರೆ ಓವನ್ನಿಗೆ ಗಿಣಿ ಹಸಿರಾಗಿ ಹೋದದ್ದು, ಬಿಸಿಗೆ ಕ್ಲೋರೊಫಿಲ್ ಕೆಟ್ಟು ಕಂದು ಮುಖ ಮಾಡಿಕೊಂಡು ಹೊರಗೆ ಬಂತು. ಅತ್ತೆಯವರು ರಾತ್ರಿ ಊಟವಾದ ಮೇಲೆ ಆ ಕೇಕನ್ನು ತಿಂದು, ಮಧ್ಯರಾತ್ರಿ ಕಪಾಟಿನ ಬಟ್ಟೆಯೆಲ್ಲ ತೆಗೆದು ಮಡಚುತ್ತಾ ಕೂತಿದ್ದರು. ಓವನ್ ಎಷ್ಟೇ ಬಿಸಿ ಇರಲಿ, ಕೇಕಿನ ಒಳಗೆ 100 ಡಿಗ್ರಿ ದಾಟುವುದಿಲ್ಲ. ಚಹಾದಲ್ಲಿರುವ, ನಿದ್ದೆ ಕೆಡಿಸುವ ಕೆಫೀನ್ ಅಷ್ಟಕ್ಕೆಲ್ಲ ಹೆದರುವುದಿಲ್ಲ. "ಚಹಾ ಗೊತ್ತಾಯ್ತಾ ಅಂತ ಈಗ ಅಮ್ಮನ್ನ ಕೇಳಿ," ಅಂದೆ.

ಗೆದ್ದದ್ದೂ ಒಂದಿದೆ, ಹೇಳಬೇಕು. ಚೀನಾದವರ ಚಹಾ ಮೊಟ್ಟೆ. ಬೇಯಿಸಿದ ಮೊಟ್ಟೆಯ ಸಿಪ್ಪೆಯನ್ನು ತಟ್ಟಿ ಬಿರುಕು ಬಿಡಿಸಿ, ಚಹಾ, ಸೋಯಾ ಸಾಸ್, ಚಕ್ರಮೊಗ್ಗಿನ ನೀರಿನಲ್ಲಿ ಮತ್ತೆ ಸಣ್ಣ ಉರಿಯಲ್ಲಿ ಬೇಯಿಸುವುದು. ಸಿಪ್ಪೆ ಸುಲಿದರೆ ಬಿಳಿಯ ಮೇಲೆ ಅಮೃತಶಿಲೆಯಂಥ ಕಂದು ಗೆರೆಗಳು. ಎಷ್ಟು ಚಂದ ಇತ್ತೆಂದರೆ ಪ್ರಶ್ನೆ ಬರುವ ಮೊದಲೇ, "ಚಹಾ ಕಾಣಿಸಿತು," ಅಂದುಬಿಟ್ಟೆ. ರುಚಿಯಲ್ಲಿ ಮಾತ್ರ ಸೋಯಾ ಸಾಸಿನದೇ ದರ್ಬಾರು.

ಒಂದು ಮಾತು ಒಪ್ಪಬೇಕು. ಬೆಣ್ಣೆಯಲ್ಲಿ ಚಹಾ ಬಿಸಿಯಾಗುವಾಗ ಮನೆ ತುಂಬಾ ಬರುವ ಪರಿಮಳ ಇದೆಯಲ್ಲ, ಅದಕ್ಕೆ ಯಾವ ತಕರಾರೂ ಇಲ್ಲ. ನಾವು ಮೂಗಿನಿಂದ ಎಳೆದುಕೊಂಡದ್ದೆಲ್ಲ ಆಗಲೇ ಬೆಣ್ಣೆಯಿಂದ ಹೊರಟುಹೋದದ್ದು, ಕೇಕಿಗೆ ಸಿಗುವುದಿಲ್ಲ. ಅದು ಗೊತ್ತಿದ್ದೂ ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತೇನೆ. ಮೊದಲೆಲ್ಲ ಸಂಜೆ ಚಹಾ ಅಂದರೆ ಇಬ್ಬರೂ ಕೂತು, ಇಲ್ಲದವರ ಬಗ್ಗೆ ಒಂದಿಷ್ಟು ಮಾತಾಡಿ, ಆರಿದ ಚಹಾವನ್ನು ಮತ್ತೆ ಬಿಸಿ ಮಾಡಿಕೊಂಡು ಕುಡಿಯುವುದಿತ್ತು. ಯಾರೂ ಯಾರನ್ನೂ ಏನೂ ಗೊತ್ತಾಯ್ತಾ ಅಂತ ಕೇಳುತ್ತಿರಲಿಲ್ಲ. ಈಗ ಅದೇ ಹೊತ್ತಿಗೆ ಪರೀಕ್ಷೆ.

ಇವತ್ತು ಬೆಳಗ್ಗೆ ಏನು ಮಾಡಿದೆ ಅಂತ ಕೇಳಿದಿರಾ? ಫ್ರಿಜ್ಜಿನಲ್ಲಿ ರಾತ್ರಿಯಿಂದ ಚಹಾ ಎಲೆ ನೆನೆಸಿಟ್ಟಿದ್ದ ಹಾಲಿತ್ತು, ಐಸ್‌ಕ್ರೀಮಿಗೆ ಅಂತ. ಸೋಸಿ, ಸಕ್ಕರೆ ಹಾಕಿ, ಬಿಸಿ ಮಾಡಿ ಕುಡಿದೆ. ಅವರು ಮಾಡಿದ ಚಹಾ ಅಡುಗೆಗಳಲ್ಲೆಲ್ಲ ಅದೇ ಉತ್ತಮ. ಚಹಾ ಚೆನ್ನಾಗಿ ಗೊತ್ತಾಯಿತು.

ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಮನಸ್ಸು ಆಗಲೇ ಬೇರೆ ಕಡೆ ಹೋಗಿದೆ. ಬಾಣಲೆಗೆ ಫಾಯಿಲ್ ಹಾಸಿ, ಅದರಲ್ಲಿ ಚಹಾ ಎಲೆ, ಅಕ್ಕಿ, ಸಕ್ಕರೆ ಹಾಕಿ, ಮೇಲೆ ಜಾಲರಿ ಇಟ್ಟು, ಬಿಗಿಯಾಗಿ ಮುಚ್ಚಿ ಹೊಗೆ ಎಬ್ಬಿಸುವುದಂತೆ. ಆ ಹೊಗೆಯಲ್ಲಿ ಬಾತುಕೋಳಿಗೆ ರುಚಿ ಹತ್ತಿಸುತ್ತಾರಂತೆ ಚೀನಾದ ಸಿಚುವಾನ್‌ನಲ್ಲಿ. ನಮಗೆ ಬಾತುಕೋಳಿ ಬೇಡ, ಪನೀರು ಸಾಕು ಅಂತ ಉದಾರವಾಗಿ ಹೇಳಿದ್ದಾರೆ. ಭಾನುವಾರ ಮುಹೂರ್ತ. ಬಾಣಲೆ ನನ್ನದು. ಅದನ್ನು ಆಗಲೇ ಎತ್ತಿಟ್ಟಿದ್ದೇನೆ. ಎಲ್ಲಿ ಅಂತ ಬರೆಯುವುದಿಲ್ಲ, ಇದನ್ನು ಅವರೂ ಓದುತ್ತಾರೆ.